ಬಾಡಿಗೆಗೆ ಪಡೆದ ವಾಣಿಜ್ಯ ಮಳಿಗೆಗಳ ನವೀಕರಣ: ಅನುಮತಿ ಪಡೆಯುವ ಕ್ರಮ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅಂಗಡಿ, ಉಪಾಹಾರ ಗೃಹ, ಕಚೇರಿ, ಚಿಕಿತ್ಸಾಲಯ ಮುಂತಾದವನ್ನು ನಡೆಸುವ ಉದ್ದಿಮೆದಾರರಲ್ಲಿ ಬಹುಪಾಲು ಜನರು ಬಾಡಿಗೆ ಕಟ್ಟಡದಲ್ಲಿ ವ್ಯವಹಾರ ನಡೆಸುತ್ತಾರೆ. ಹೊಸದಾಗಿ ಪಡೆದ ಮಳಿಗೆಯನ್ನು ತಮ್ಮ ಉದ್ದಿಮೆಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಅವರಿಗೆ ಅನಿವಾರ್ಯ. ಆದರೆ ಕಟ್ಟಡ ಒಬ್ಬರದು, ವೆಚ್ಚ ಮತ್ತೊಬ್ಬರದು ಆಗಿರುವುದರಿಂದ, ಅನುಮತಿಯನ್ನು ಯಾರು ಪಡೆಯಬೇಕು, ಯಾವ ಕಾಮಗಾರಿಗೆ ಪಡೆಯಬೇಕು ಎಂಬ ವಿಷಯದಲ್ಲಿ ಗೊಂದಲ ಉಂಟಾಗುತ್ತದೆ. ಬಾಡಿಗೆದಾರರು ಲಕ್ಷಾಂತರ ರೂಪಾಯಿ ವೆಚ್ಚ ಮಾಡಿದ ನಂತರ ಉದ್ದಿಮೆ ಪರವಾನಗಿ ದೊರೆಯುವುದಿಲ್ಲವೆಂದು ತಿಳಿದುಬಂದರೆ ಆಗುವ ನಷ್ಟವನ್ನು ಯಾವ ಕಚೇರಿಯೂ ತುಂಬಿಕೊಡಲಾರದು. ಆದ್ದರಿಂದ ಕಾಮಗಾರಿ ಆರಂಭಿಸುವ ಮುನ್ನ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅರ್ಜಿದಾರರು ಮೊದಲಿಗೆ ಒಂದು ಅಂಶವನ್ನು ಗಮನಿಸತಕ್ಕದ್ದು. ಸ್ಥಳೀಯ ಸಂಸ್ಥೆಗಳ ಕಚೇರಿಗಳಲ್ಲಿ "ನವೀಕರಣ" ಎಂಬ ಪದವನ್ನು ಎರಡು ಅರ್ಥಗಳಲ್ಲಿ ಬಳಸಲಾಗುತ್ತದೆ. ಅವಧಿ ಮುಗಿದ ಉದ್ದಿಮೆ ಪರವಾನಗಿಯನ್ನು ಮುಂದುವರಿಸುವುದು ಒಂದು. ಕಟ್ಟಡವನ್ನು ಮಾರ್ಪಡಿಸುವುದು ಇನ್ನೊಂದು. ಮೊದಲನೆಯದು ಆರೋಗ್ಯ ವಿಭಾಗಕ್ಕೆ, ಎರಡನೆಯದು ನಗರ ಯೋಜನಾ ಅಥವಾ ಎಂಜಿನಿಯರಿಂಗ್ ವಿಭಾಗಕ್ಕೆ ಸೇರಿದ ವಿಷಯ. ಕಟ್ಟಡದ ಕಾಮಗಾರಿಗೆ ಅರ್ಜಿ ಸಲ್ಲಿಸುವವರು "ಕಟ್ಟಡ ಮಾರ್ಪಾಡು" ಎಂದು ಸ್ಪಷ್ಟವಾಗಿ ನಮೂದಿಸಿದರೆ ಅರ್ಜಿಯು ತಪ್ಪು ವಿಭಾಗಕ್ಕೆ ಹೋಗುವುದು ತಪ್ಪುತ್ತದೆ.

2. ಅನ್ವಯವಾಗುವ ಕಾನೂನುಗಳು

ರಾಜ್ಯದ ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ, 1976 ಮತ್ತು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತವೆ. ಭೂ ಉಪಯೋಗಕ್ಕೆ ಸಂಬಂಧಿಸಿದಂತೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961 ಮತ್ತು ಆಯಾ ಊರಿನ ಮಹಾಯೋಜನೆಯ ವಲಯ ನಿಯಮಾವಳಿಗಳು ಅನ್ವಯಿಸುತ್ತವೆ. ಬೆಂಗಳೂರಿನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಗೆ ಬಂದಿದ್ದು, 2025ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಅಲ್ಲಿನ ಅರ್ಜಿದಾರರು ತಮ್ಮ ಮಳಿಗೆಯು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಮಾಲೀಕರು ಮತ್ತು ಬಾಡಿಗೆದಾರರ ನಡುವಿನ ಹಕ್ಕುಬಾಧ್ಯತೆಗಳು ಸ್ಥಳೀಯ ಸಂಸ್ಥೆಯ ವಿಷಯವಲ್ಲ. ಅವುಗಳನ್ನು ಮುಖ್ಯವಾಗಿ ಸ್ವತ್ತು ವರ್ಗಾವಣೆ ಅಧಿನಿಯಮ, 1882 ನಿರ್ಧರಿಸುತ್ತದೆ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದ ತಳ ವಿಸ್ತೀರ್ಣದವುಗಳಿಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ದೊಡ್ಡ ಮಳಿಗೆಗಳ ಬಾಡಿಗೆದಾರರಿಗೆ ಆ ಅಧಿನಿಯಮದ ರಕ್ಷಣೆ ಇಲ್ಲ.

3. ಮೊದಲ ಹಂತ: ಗುತ್ತಿಗೆ ಪತ್ರ ಮತ್ತು ಮಾಲೀಕರ ಒಪ್ಪಿಗೆ

ಸ್ಥಳೀಯ ಸಂಸ್ಥೆಯು ಅನುಮತಿ ನೀಡಿದರೂ ಮಾಲೀಕರ ಒಪ್ಪಿಗೆಯಿಲ್ಲದೆ ಕಟ್ಟಡವನ್ನು ಮಾರ್ಪಡಿಸುವ ಹಕ್ಕು ಬಾಡಿಗೆದಾರರಿಗೆ ಬರುವುದಿಲ್ಲ. ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣದ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ:

(ಅ) ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಲ್ಲದೆ ಕಟ್ಟಡವನ್ನು ಕೆಡವುವಂತಿಲ್ಲ. ಅದಕ್ಕೆ ಶಾಶ್ವತ ಹಾನಿಯಾಗುವ ಯಾವುದೇ ಕೆಲಸ ಮಾಡುವಂತಿಲ್ಲ.
(ಆ) ಕೃಷಿ ಉದ್ದೇಶಕ್ಕಲ್ಲದೆ ಯಾವುದೇ ಶಾಶ್ವತ ನಿರ್ಮಾಣವನ್ನು ಒಪ್ಪಿಗೆಯಿಲ್ಲದೆ ಕಟ್ಟುವಂತಿಲ್ಲ.
(ಇ) ಸ್ವತ್ತನ್ನು ವಹಿಸಿಕೊಂಡಾಗ ಇದ್ದ ಸ್ಥಿತಿಯಲ್ಲಿಯೇ ಕಾಪಾಡಿ ಹಿಂದಿರುಗಿಸತಕ್ಕದ್ದು. ಸಹಜ ಸವಕಳಿಗೆ ವಿನಾಯಿತಿ ಇದೆ.
(ಈ) ತಾವು ಅಳವಡಿಸಿದ ವಸ್ತುಗಳನ್ನು, ಮಳಿಗೆಯು ತಮ್ಮ ಸ್ವಾಧೀನದಲ್ಲಿರುವವರೆಗೆ, ಗುತ್ತಿಗೆ ಮುಗಿದ ಮೇಲೂ ತೆಗೆದುಕೊಂಡು ಹೋಗಬಹುದು. ಆದರೆ ಸ್ವತ್ತನ್ನು ಮೊದಲಿನ ಸ್ಥಿತಿಗೆ ತರಬೇಕು.

ನಾಲ್ಕನೆಯ ಅಂಶವನ್ನು ಬಾಡಿಗೆದಾರರು ವಿಶೇಷವಾಗಿ ನೆನಪಿಡತಕ್ಕದ್ದು. ಬೀಗದ ಕೈ ಒಪ್ಪಿಸಿದ ನಂತರ, ಅಳವಡಿಸಿದ ಕಪಾಟು, ಹವಾನಿಯಂತ್ರಣ ಯಂತ್ರ, ಗಾಜಿನ ಬಾಗಿಲು ಮುಂತಾದವನ್ನು ಕೇಳಿ ಪಡೆಯುವುದು ಕಷ್ಟವಾಗುತ್ತದೆ. ಯಾವ ವಸ್ತು ಯಾರಿಗೆ ಸೇರಿದ್ದು ಎಂಬ ಪಟ್ಟಿಯನ್ನು ಗುತ್ತಿಗೆ ಪತ್ರಕ್ಕೆ ಲಗತ್ತಿಸುವುದು ಸೂಕ್ತ.

ಗುತ್ತಿಗೆಯ ಅವಧಿಯೂ ಅಷ್ಟೇ ಮುಖ್ಯ. ಒಂದು ವರ್ಷ ಮೀರಿದ ಗುತ್ತಿಗೆಯು ನೋಂದಾಯಿತ ಪತ್ರದ ಮೂಲಕವೇ ಆಗಬೇಕೆಂದು ಅದೇ ಅಧಿನಿಯಮದ 107ನೇ ಪ್ರಕರಣ ಹೇಳುತ್ತದೆ. ನೋಂದಣಿಯ ವೆಚ್ಚ ತಪ್ಪಿಸಲು 11 ತಿಂಗಳ ಕರಾರು ಮಾಡಿಕೊಳ್ಳುವುದು ರೂಢಿಯಲ್ಲಿದೆ. ಆ ಅವಧಿ ಮುಗಿದ ಮೇಲೆ ಹೊಸ ಪತ್ರವಿಲ್ಲದೆ, ಮಾಲೀಕರು ಬಾಡಿಗೆ ಸ್ವೀಕರಿಸುತ್ತಾ ಬಂದರೆ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ಬೇರೆ ಕರಾರು ಇಲ್ಲದಿದ್ದಲ್ಲಿ 15 ದಿನಗಳ ನೋಟೀಸಿನಿಂದ ಅದನ್ನು ಕೊನೆಗೊಳಿಸಬಹುದು. ಕೆಲವು ಸಾವಿರ ರೂಪಾಯಿಗಳ ಬಣ್ಣ ಬಳಿಯುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಐದಾರು ವರ್ಷಗಳಲ್ಲಿ ಹಿಂದಿರುಗಬೇಕಾದ ಬಂಡವಾಳವನ್ನು 11 ತಿಂಗಳ ಕರಾರಿನ ಮೇಲೆ ಹೂಡುವುದು ವಿವೇಕವಲ್ಲ. ದೊಡ್ಡ ಮೊತ್ತದ ನವೀಕರಣ ಮಾಡುವವರು ನೋಂದಾಯಿತ ಗುತ್ತಿಗೆ ಪತ್ರವನ್ನು ಪಡೆಯುವುದು ತಮ್ಮ ಹಿತಕ್ಕೆ ಒಳ್ಳೆಯದು.

ಮಾಲೀಕರ ಒಪ್ಪಿಗೆ ಪತ್ರದಲ್ಲಿ ಕಾಮಗಾರಿಯ ವಿವರ, ವೆಚ್ಚ ಭರಿಸುವವರು, ಅರ್ಜಿಗೆ ಸಹಿ ಮಾಡುವವರು, ಹೆಚ್ಚುವರಿ ಆಸ್ತಿ ತೆರಿಗೆ ಬಂದಲ್ಲಿ ಪಾವತಿಸುವವರು ಮತ್ತು ಅನುಮತಿ ನಿರಾಕರಿಸಲ್ಪಟ್ಟಲ್ಲಿ ಮುಂಗಡ ಹಣದ ಗತಿ ಇವಿಷ್ಟನ್ನು ಬರೆದಿರಬೇಕು. ಕಟ್ಟಡವು ಅವಿಭಕ್ತ ಕುಟುಂಬಕ್ಕೆ ಅಥವಾ ಹಲವು ಸಹಮಾಲೀಕರಿಗೆ ಸೇರಿದ್ದರೆ ಎಲ್ಲರ ಸಹಿ, ಇಲ್ಲವೇ ಅಧಿಕಾರ ಪತ್ರ ಅಗತ್ಯ. ಪಾಲಿಕೆ ಅಥವಾ ಪುರಸಭೆಯ ಒಡೆತನದ ಮಳಿಗೆಗಳಲ್ಲಿ ಸ್ಥಳೀಯ ಸಂಸ್ಥೆಯೇ ಮಾಲೀಕರಾಗಿರುವುದರಿಂದ, ಕಟ್ಟಡ ಅನುಮತಿಯಲ್ಲದೆ ಮಾಲೀಕರ ನೆಲೆಯಲ್ಲಿಯೂ ಅದರ ಲಿಖಿತ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು.

4. ಎರಡನೆಯ ಹಂತ: ಕಟ್ಟಡದ ದಾಖಲೆಗಳ ಪರಿಶೀಲನೆ

ಮುಂಗಡ ಹಣ ನೀಡುವ ಮೊದಲೇ ಬಾಡಿಗೆದಾರರು ಈ ಕೆಳಗಿನ ದಾಖಲೆಗಳ ನಕಲನ್ನು ಮಾಲೀಕರಿಂದ ಕೇಳಿ ಪಡೆಯುವುದು ಅಗತ್ಯ.

(1) ಖಾತಾ ಅಥವಾ ಇ-ಆಸ್ತಿ ದಾಖಲೆ
(2) ಚಾಲ್ತಿ ವರ್ಷದ ಆಸ್ತಿ ತೆರಿಗೆ ಪಾವತಿಸಿದ ರಸೀದಿ
(3) ಮಂಜೂರಾದ ಕಟ್ಟಡ ನಕ್ಷೆ ಮತ್ತು ಪರವಾನಗಿ
(4) ಸ್ವಾಧೀನಾನುಭವ ಪತ್ರ
(5) ಮಹಾಯೋಜನೆಯಲ್ಲಿ ಆ ಸ್ವತ್ತಿಗೆ ಇರುವ ಭೂ ಉಪಯೋಗದ ವಿವರ

ಮಾನ್ಯ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಅನಧಿಕೃತ ಕಟ್ಟಡದಲ್ಲಿ ವ್ಯಾಪಾರ ನಡೆಸಲು ಯಾವುದೇ ಪ್ರಾಧಿಕಾರವು ಅನುಮತಿ ಅಥವಾ ಪರವಾನಗಿ ನೀಡಬಾರದೆಂದೂ, ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕಗಳನ್ನು ಸ್ವಾಧೀನಾನುಭವ ಪತ್ರ ಹಾಜರುಪಡಿಸಿದ ನಂತರವೇ ಕಲ್ಪಿಸಬೇಕೆಂದೂ ನಿರ್ದೇಶಿಸಿದೆ. ಇದರ ಪರಿಣಾಮ ಬಾಡಿಗೆದಾರರ ಮೇಲೂ ಆಗುತ್ತದೆ. ಮಾಲೀಕರು ನಕ್ಷೆ ಮೀರಿ ಕಟ್ಟಿದ ಮಹಡಿಯನ್ನು ಅಥವಾ ವಾಹನ ನಿಲುಗಡೆಗೆ ಮೀಸಲಿಟ್ಟ ನೆಲಮಾಳಿಗೆಯನ್ನು ಬಾಡಿಗೆಗೆ ಪಡೆದವರು, ತಮ್ಮದಲ್ಲದ ಲೋಪಕ್ಕೆ ಪರವಾನಗಿಯಿಂದ ವಂಚಿತರಾಗಬಹುದು. ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು ಮಳಿಗೆಯೊಳಗೆ ನಿಂತು ಗೋಡೆ, ಮೆಟ್ಟಿಲು, ಸೆಟ್‌ಬ್ಯಾಕ್‌ಗಳನ್ನು ತಾಳೆ ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಉಳಿಸಬಾರದು.

5. ಯಾವ ಕಾಮಗಾರಿಗೆ ಅನುಮತಿ ಬೇಕು?

ರಾಷ್ಟ್ರೀಯ ಕಟ್ಟಡ ಸಂಹಿತೆ, 2016 ಕೆಲವು ಸಣ್ಣ ಮಾರ್ಪಾಡುಗಳಿಗೆ ಕಟ್ಟಡ ಪರವಾನಗಿ ಬೇಕಿಲ್ಲವೆಂದು ಸೂಚಿಸುತ್ತದೆ. ಸುಣ್ಣಬಣ್ಣ, ಗಾರೆ ಮತ್ತು ತೇಪೆ ಕೆಲಸ, ನೆಲಹಾಸು ಬದಲಾವಣೆ, ಹೆಂಚು ಹೊದಿಸುವುದು, ಕಿಟಕಿ ಬಾಗಿಲುಗಳನ್ನು ತೆರೆಯುವುದು ಅಥವಾ ಮುಚ್ಚುವುದು, ಒಳಗಿನ ಪಾರ್ಟಿಷನ್ ಮತ್ತು ಫಾಲ್ಸ್ ಸೀಲಿಂಗ್ ಇವು ಆ ಪಟ್ಟಿಯಲ್ಲಿವೆ. ಆದರೆ ಈ ವಿನಾಯಿತಿಗೆ ಒಂದು ಷರತ್ತು ಇದೆ: ಕಟ್ಟಡದ ಭದ್ರತೆ, ಅಗ್ನಿ ಸುರಕ್ಷತೆ ಮತ್ತು ಇತರ ಸಾಮಾನ್ಯ ಅಗತ್ಯಗಳ ಉಲ್ಲಂಘನೆ ಆಗಕೂಡದು. ಪಾರ್ಟಿಷನ್ ಹಾಕಲು ಅನುಮತಿ ಬೇಕಿಲ್ಲದಿರಬಹುದು. ಆದರೆ ಅದೇ ಪಾರ್ಟಿಷನ್ ತುರ್ತು ನಿರ್ಗಮನದ ದಾರಿಯನ್ನು ಮುಚ್ಚಿದರೆ ಅದು ಉಲ್ಲಂಘನೆ. ಸಂಹಿತೆಯು ಮಾದರಿ ನಿಯಮವಾಗಿದ್ದು, ಆಯಾ ಸ್ಥಳೀಯ ಸಂಸ್ಥೆಯ ಕಟ್ಟಡ ಉಪವಿಧಿಗಳೇ ಅಂತಿಮ.

ಈ ಕೆಳಗಿನ ಕಾಮಗಾರಿಗಳಿಗೆ ಪೂರ್ವಾನುಮತಿ ಪಡೆದೇ ಮುಂದುವರಿಯತಕ್ಕದ್ದು.

(ಅ) ಭಾರ ಹೊರುವ ಗೋಡೆ, ಕಂಬ, ತೊಲೆ ಅಥವಾ ತಾರಸಿಯನ್ನು ಒಡೆಯುವುದು, ತೆಗೆಯುವುದು, ಕೊರೆಯುವುದು
(ಆ) ಎರಡು ಮಳಿಗೆಗಳ ನಡುವಿನ ಗೋಡೆ ತೆಗೆದು ಒಂದಾಗಿಸುವುದು
(ಇ) ಒಳಗೆ ಅಟ್ಟ ಅಥವಾ ಮಧ್ಯಂತರ ಮಹಡಿ ನಿರ್ಮಿಸುವುದು
(ಈ) ಸೆಟ್‌ಬ್ಯಾಕ್, ತಾರಸಿ ಅಥವಾ ವಾಹನ ನಿಲುಗಡೆಯ ಜಾಗಕ್ಕೆ ಶೀಟು ಹೊದಿಸಿ ಬಳಸುವುದು
(ಉ) ಮೆಟ್ಟಿಲು, ಲಿಫ್ಟ್ ಅಥವಾ ನಿರ್ಗಮನ ದಾರಿಯ ಸ್ಥಾನ ಬದಲಿಸುವುದು
(ಊ) ವಾಸದ ಕಟ್ಟಡವನ್ನು ವಾಣಿಜ್ಯಕ್ಕೆ, ಅಥವಾ ಒಂದು ಬಗೆಯ ಬಳಕೆಯಿಂದ ಇನ್ನೊಂದಕ್ಕೆ ಪರಿವರ್ತಿಸುವುದು

ಹಳೆಯ ಪೇಟೆ ಬೀದಿಗಳಲ್ಲಿ ಕಲ್ಲು, ಇಟ್ಟಿಗೆ, ಗಾರೆಯ ಕಟ್ಟಡಗಳು ಹೆಚ್ಚು. ಅಲ್ಲಿ ಪ್ರತ್ಯೇಕ ಕಂಬಗಳಿರುವುದಿಲ್ಲ. ಗೋಡೆಯೇ ಮೇಲಿನ ಮಹಡಿಯನ್ನು ಹೊತ್ತಿರುತ್ತದೆ. ಷೋರೂಂ ವಿಶಾಲವಾಗಿ ಕಾಣಲೆಂದು ಇಂತಹ ಗೋಡೆಯನ್ನು ತೆಗೆದರೆ ಅಪಾಯ ನಿಶ್ಚಿತ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಾಮಗಾರಿ ನಡೆಯುತ್ತಿದ್ದ ವಾಣಿಜ್ಯ ಕಟ್ಟಡವೊಂದು ಕುಸಿದು ಹಲವರು ಪ್ರಾಣ ಕಳೆದುಕೊಂಡ ದುರಂತವನ್ನು ರಾಜ್ಯವು ಮರೆಯುವಂತಿಲ್ಲ. ಯಾವ ಗೋಡೆ ಭಾರ ಹೊತ್ತಿದೆ ಎಂಬುದನ್ನು ಮೇಸ್ತ್ರಿಯ ಅಂದಾಜಿಗೆ ಬಿಡದೆ, ಸ್ಟ್ರಕ್ಚರಲ್ ಎಂಜಿನಿಯರ್ ಅವರಿಂದ ಲಿಖಿತ ವರದಿ ಪಡೆಯುವುದು ಅತ್ಯಗತ್ಯ.

6. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

ಕಟ್ಟಡ ಮಾರ್ಪಾಡಿನ ಅರ್ಜಿಯು ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುತ್ತದೆ. ಬಾಡಿಗೆದಾರರು ಮಾಲೀಕರ ಅಧಿಕಾರ ಪತ್ರದೊಂದಿಗೆ ವ್ಯವಹರಿಸಬಹುದು. ಅರ್ಜಿಯನ್ನು ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಸಲ್ಲಿಸತಕ್ಕದ್ದು. ಸಾಮಾನ್ಯವಾಗಿ ಕೇಳಲಾಗುವ ದಾಖಲೆಗಳು ಇವು.

(1) ನಿಗದಿತ ನಮೂನೆಯಲ್ಲಿ ಭರ್ತಿ ಮಾಡಿದ ಅರ್ಜಿ
(2) ಸ್ವತ್ತಿನ ಹಕ್ಕುಪತ್ರ, ಖಾತಾ ಮತ್ತು ತೆರಿಗೆ ರಸೀದಿ
(3) ಗುತ್ತಿಗೆ ಪತ್ರ ಮತ್ತು ಮಾಲೀಕರ ಒಪ್ಪಿಗೆ ಪತ್ರ
(4) ಹಿಂದೆ ಮಂಜೂರಾದ ನಕ್ಷೆ ಹಾಗೂ ಸ್ವಾಧೀನಾನುಭವ ಪತ್ರ
(5) ಈಗಿರುವ ಭಾಗ, ಕೆಡಹುವ ಭಾಗ ಮತ್ತು ಹೊಸ ಭಾಗಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುವ ಪ್ರಸ್ತಾವಿತ ನಕ್ಷೆ
(6) ಸ್ಟ್ರಕ್ಚರಲ್ ಎಂಜಿನಿಯರ್ ಅವರ ಭದ್ರತಾ ಪ್ರಮಾಣಪತ್ರ
(7) ಅನ್ವಯವಾಗುವಲ್ಲಿ ಇತರ ಇಲಾಖೆಗಳ ನಿರಾಕ್ಷೇಪಣಾ ಪತ್ರ

ಶುಲ್ಕದ ಜೊತೆಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಉಪಕರವನ್ನೂ ವಿಧಿಸಬಹುದು. ಕಾನೂನಿನ ಪ್ರಕಾರ ಇದು ನಿರ್ಮಾಣ ವೆಚ್ಚದ ಶೇಕಡ 1ಕ್ಕಿಂತ ಕಡಿಮೆಯಿಲ್ಲದಂತೆ, ಶೇಕಡ 2ನ್ನು ಮೀರದಂತೆ ಇರುತ್ತದೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಪ್ರವೇಶ ಸೌಲಭ್ಯದ ನಿಯಮಗಳನ್ನು ಪಾಲಿಸದ ನಕ್ಷೆಗೆ ಅನುಮತಿ ನೀಡುವಂತಿಲ್ಲವಾದ್ದರಿಂದ, ಇಳಿಜಾರು ದಾರಿಯನ್ನು ಮೊದಲೇ ನಕ್ಷೆಯಲ್ಲಿ ಅಳವಡಿಸುವುದು ಸೂಕ್ತ. ಆ ಇಳಿಜಾರು ಸ್ವತ್ತಿನ ಒಳಗೇ ಇರಬೇಕು. ಪಾದಚಾರಿ ಮಾರ್ಗದ ಮೇಲೆ ಚಾಚಿಕೊಳ್ಳಬಾರದು.

7. ಇತರ ಇಲಾಖೆಗಳ ಅನುಮತಿಗಳು

ಅಗ್ನಿ ಸುರಕ್ಷತೆ: ಬಹುಮಹಡಿ ಕಟ್ಟಡಗಳಲ್ಲಿ ಹಾಗೂ ಹೆಚ್ಚು ಜನ ಸೇರುವ ಸ್ಥಳಗಳಲ್ಲಿ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅಗ್ನಿ ದುರಂತದಲ್ಲಿ 9 ಮಂದಿ ಮೃತಪಟ್ಟರು. ಹೊಗೆಯಿಂದ ಪಾರಾಗಲು ಕೆಲವರು ಮೇಲಿನ ಮಹಡಿಗಳಿಂದ ಜಿಗಿದರು. ಇಂತಹ ಸಂದರ್ಭಗಳಲ್ಲಿ ಜೀವ ಉಳಿಸುವುದು ತೆರೆದ ಮೆಟ್ಟಿಲು ಮತ್ತು ಹೊಗೆ ಹೊರಹೋಗುವ ದಾರಿ. ನವೀಕರಣದ ವೇಳೆ ಮೆಟ್ಟಿಲ ಕೆಳಗೆ ದಾಸ್ತಾನು ಕೊಠಡಿ ಮಾಡುವುದು, ಹಿಂಬಾಗಿಲನ್ನು ಮುಚ್ಚುವುದು, ಮುಂಭಾಗವನ್ನೆಲ್ಲ ತೆರೆಯಲಾಗದ ಗಾಜಿನಿಂದ ಮುಚ್ಚುವುದು ಇವೆಲ್ಲ ಆ ದಾರಿಗಳನ್ನು ಕಿತ್ತುಕೊಳ್ಳುತ್ತವೆ.

ವಿದ್ಯುತ್: ಹವಾನಿಯಂತ್ರಣ, ಶೀತಲೀಕರಣ ಅಥವಾ ಓವನ್‌ಗಳನ್ನು ಅಳವಡಿಸುವವರು ಮಂಜೂರಾದ ವಿದ್ಯುತ್ ಹೊರೆ ಸಾಕಾಗುವುದೇ ಎಂದು ಪರಿಶೀಲಿಸಬೇಕು. ಹೆಚ್ಚುವರಿ ಹೊರೆಗೆ ಆಯಾ ವಿದ್ಯುತ್ ಸರಬರಾಜು ಕಂಪನಿಗೆ ಆರ್.ಆರ್. ಸಂಖ್ಯೆ ನಮೂದಿಸಿ ಅರ್ಜಿ ಸಲ್ಲಿಸತಕ್ಕದ್ದು. ಸಂಪರ್ಕವು ಮಾಲೀಕರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಬೇಕು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಹೊಸ ಲಿಫ್ಟ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಅಗತ್ಯ.

ಸಂರಕ್ಷಿತ ಸ್ಮಾರಕಗಳು: ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ವಿಜಯಪುರ, ಬಾದಾಮಿ, ಶ್ರೀರಂಗಪಟ್ಟಣಗಳಂತಹ ಊರುಗಳಲ್ಲಿ ಹಲವು ಅಂಗಡಿ ಬೀದಿಗಳು ಈ ವ್ಯಾಪ್ತಿಗೆ ಬರುತ್ತವೆ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಇರುವ ಕಟ್ಟಡದ ದುರಸ್ತಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದ ಮೂಲಕ ಅನುಮತಿ ಕೋರಬಹುದು. ಅರ್ಜಿಯು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಪರಿಶೀಲನೆಗೆ ಹೋಗಿ ಬರಬೇಕಾದ್ದರಿಂದ ಕೆಲವು ತಿಂಗಳುಗಳ ಕಾಲಾವಕಾಶ ಇಟ್ಟುಕೊಳ್ಳುವುದು ಲೇಸು.

ಉದ್ದಿಮೆ, ಆಹಾರ ಮತ್ತು ಕಾರ್ಮಿಕ ನೋಂದಣಿ: ಉದ್ದಿಮೆ ಪರವಾನಗಿಯನ್ನು ಸ್ಥಳೀಯ ಸಂಸ್ಥೆಯಿಂದಲೂ, ಆಹಾರ ಪದಾರ್ಥಗಳ ವ್ಯವಹಾರಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಮೇರೆಗೆ ನೋಂದಣಿ ಅಥವಾ ಪರವಾನಗಿಯನ್ನೂ ಪಡೆಯತಕ್ಕದ್ದು. ಸಂಸ್ಥೆಯನ್ನು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸತಕ್ಕದ್ದು.

ನಾಮಫಲಕ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿದ್ದು, ಕನ್ನಡವು ಮೇಲ್ಭಾಗದಲ್ಲಿರತಕ್ಕದ್ದು.

8. ಒಂದು ಉದಾಹರಣೆ

ವ್ಯಕ್ತಿಯೊಬ್ಬರು ನೆಲಮಹಡಿಯಲ್ಲಿರುವ ಬಟ್ಟೆ ಅಂಗಡಿಯೊಂದನ್ನು ಬಾಡಿಗೆಗೆ ಪಡೆದು ದರ್ಶಿನಿ ಮಾದರಿಯ ಉಪಾಹಾರ ಗೃಹ ಆರಂಭಿಸಲು ಬಯಸುತ್ತಾರೆ ಎಂದಿಟ್ಟುಕೊಳ್ಳೋಣ. ಟೈಲ್ಸ್ ಬದಲಾವಣೆ, ಬಣ್ಣ ಮತ್ತು ಫಾಲ್ಸ್ ಸೀಲಿಂಗ್‌ಗೆ ಸಾಮಾನ್ಯವಾಗಿ ಕಟ್ಟಡ ಪರವಾನಗಿ ಬೇಕಿಲ್ಲ. ಆದರೆ ಅಡುಗೆಮನೆಗಾಗಿ ಹಿಂದಿನ ಗೋಡೆ ಒಡೆಯುವುದಾದರೆ ಭದ್ರತಾ ವರದಿ ಮತ್ತು ಅನುಮತಿ ಬೇಕು. ಹಿಂದಿನ ಸೆಟ್‌ಬ್ಯಾಕ್‌ನಲ್ಲಿ ಶೀಟು ಹೊದಿಸಿ ಪಾತ್ರೆ ತೊಳೆಯುವ ಜಾಗ ಮಾಡುವಂತಿಲ್ಲ. ಹೊಗೆ ಕೊಳವೆಯು ಮೇಲಿನ ಮಹಡಿಯವರ ಕಿಟಕಿಗೆ ಹೊಗೆ ಬಿಡದಂತೆ ತಾರಸಿಯ ಮೇಲಕ್ಕೆ ಹೋಗಬೇಕು. ಅದಕ್ಕೆ ಮಾಲೀಕರ ಪ್ರತ್ಯೇಕ ಒಪ್ಪಿಗೆ ಬೇಕು. ಅಡುಗೆಮನೆಯ ನೀರು ಜಿಡ್ಡು ತಡೆಯುವ ತೊಟ್ಟಿಯ ಮೂಲಕ ಒಳಚರಂಡಿಗೆ ಸೇರಬೇಕೇ ಹೊರತು ಮಳೆನೀರಿನ ಚರಂಡಿಗೆ ಅಲ್ಲ. ಆ ಬೀದಿಯಲ್ಲಿ ಉಪಾಹಾರ ಗೃಹಕ್ಕೆ ವಲಯ ನಿಯಮಾವಳಿಯಲ್ಲಿ ಅವಕಾಶವಿದೆಯೇ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮೊದಲನೆಯದು. ಅಲ್ಲಿ "ಇಲ್ಲ" ಎಂಬ ಉತ್ತರ ಬಂದರೆ ಉಳಿದ ಯಾವ ವೆಚ್ಚವನ್ನೂ ಮಾಡಬೇಕಾಗಿಲ್ಲ.

9. ಕಾಮಗಾರಿಯ ಅವಧಿಯಲ್ಲಿ ಮತ್ತು ನಂತರ

ಪರವಾನಗಿ ಮತ್ತು ಮಂಜೂರಾದ ನಕ್ಷೆಯ ಪ್ರತಿಯನ್ನು ಸ್ಥಳದಲ್ಲಿ ಇಟ್ಟಿರತಕ್ಕದ್ದು. ಕಟ್ಟಡದ ಭಗ್ನಾವಶೇಷಗಳನ್ನು ರಸ್ತೆ, ಚರಂಡಿ, ಕೆರೆಯಂಗಳಗಳಲ್ಲಿ ಸುರಿಯದೆ ಸ್ಥಳೀಯ ಸಂಸ್ಥೆ ಗುರುತಿಸಿದ ಸ್ಥಳಕ್ಕೆ ಸಾಗಿಸತಕ್ಕದ್ದು. ನಕ್ಷೆಯಿಂದ ಬೇರೆಯಾಗಿ ಕೆಲಸ ಮಾಡಬೇಕಾಗಿ ಬಂದಲ್ಲಿ ಮೊದಲು ಪರಿಷ್ಕೃತ ನಕ್ಷೆಗೆ ಮಂಜೂರಾತಿ ಪಡೆಯತಕ್ಕದ್ದು. ಕೆಲಸ ಮುಗಿದ ಮೇಲೆ ಪೂರ್ಣಗೊಂಡ ವರದಿಯನ್ನು ಸಲ್ಲಿಸಿ, ವಿಸ್ತೀರ್ಣ ಅಥವಾ ಬಳಕೆ ಬದಲಾಗಿದ್ದಲ್ಲಿ ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲಿ ಅದನ್ನು ತೋರಿಸತಕ್ಕದ್ದು.

ಅನುಮತಿಯಿಲ್ಲದೆ ಅಥವಾ ನಕ್ಷೆಗೆ ವಿರುದ್ಧವಾಗಿ ಕಾಮಗಾರಿ ನಡೆಸಿದಲ್ಲಿ, ಮಹಾನಗರ ಪಾಲಿಕೆಗಳ ಅಧಿನಿಯಮದ 321ನೇ ಪ್ರಕರಣದ ಮೇರೆಗೆ ಆಯುಕ್ತರು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ, ನಂತರ ಅದನ್ನು ಸ್ಥಿರೀಕರಿಸಿ ತೆರವಿಗೆ ಕ್ರಮ ಕೈಗೊಳ್ಳಬಹುದು. ಇಂತಹ ನೋಟೀಸು ಬಂದಾಗ ಸುಮ್ಮನಿರದೆ, ಅದರಲ್ಲಿ ತಿಳಿಸಿದ ಅವಧಿಯೊಳಗೆ ದಾಖಲೆಗಳೊಂದಿಗೆ ಲಿಖಿತ ಉತ್ತರ ನೀಡುವುದು ಅತಿ ಮುಖ್ಯ.

10. ಸಕಾಲದ ಅಡಿಯಲ್ಲಿ ಪರಿಹಾರ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ನೀಡಲಾಗುತ್ತದೆ. ಅದರಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ಧನಕ್ಕೆ ಅವಕಾಶವಿದೆ. ಆದ್ದರಿಂದ ಸ್ವೀಕೃತಿ ಪಡೆಯದೆ ಅರ್ಜಿಯನ್ನು ಯಾರ ಕೈಗೂ ಕೊಡಬಾರದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿಂದಿನ ಬಾಡಿಗೆದಾರರ ಉದ್ದಿಮೆ ಪರವಾನಗಿ ಹೊಸಬರಿಗೆ ಅನ್ವಯಿಸುತ್ತದೆಯೇ?
ಉತ್ತರ: ಇಲ್ಲ. ಪರವಾನಗಿಯು ನಿರ್ದಿಷ್ಟ ವ್ಯಕ್ತಿ, ಸ್ಥಳ ಮತ್ತು ಉದ್ದಿಮೆಗೆ ನೀಡಿದ್ದಾಗಿರುತ್ತದೆ. ಹೊಸಬರು ತಮ್ಮ ಹೆಸರಿನಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಪ್ರಶ್ನೆ: ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು ಮಾಡಿಸದಿದ್ದರೆ?
ಉತ್ತರ: ಮಾಲೀಕರು ಕರಾರಿನ ಪ್ರಕಾರ ಬಾಧ್ಯರಾಗಿರುವ ದುರಸ್ತಿಯನ್ನು ತಿಳಿವಳಿಕೆ ನೀಡಿದ ನಂತರವೂ ಸಕಾಲದಲ್ಲಿ ಮಾಡಿಸದಿದ್ದಲ್ಲಿ, ಬಾಡಿಗೆದಾರರು ತಾವೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು 108ನೇ ಪ್ರಕರಣ ಅವಕಾಶ ನೀಡುತ್ತದೆ. ಅಲಂಕಾರಿಕ ನವೀಕರಣ ಇದರಲ್ಲಿ ಸೇರುವುದಿಲ್ಲ.

ಪ್ರಶ್ನೆ: ಅನುಮತಿ ಬರುವವರೆಗೂ ಬಾಡಿಗೆ ಕಟ್ಟಬೇಕೇ?
ಉತ್ತರ: ಇದು ಕರಾರಿಗೆ ಸಂಬಂಧಿಸಿದ್ದು. ಅನುಮತಿ ದೊರೆಯುವವರೆಗೆ ಬಾಡಿಗೆ ರಿಯಾಯಿತಿ ಬೇಕಿದ್ದಲ್ಲಿ ಅದನ್ನು ಗುತ್ತಿಗೆ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು.

ಸೂಚನೆ: ಮೇಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಶುಲ್ಕ, ನಮೂನೆ ಮತ್ತು ಕಾಲಮಿತಿಗಳನ್ನು ಆಯಾ ಸ್ಥಳೀಯ ಸಂಸ್ಥೆಯ ಸೂಚನಾ ಫಲಕದಲ್ಲಿ ಪರಿಶೀಲಿಸತಕ್ಕದ್ದು. ಎಲ್ಲ ಪಾವತಿಗಳಿಗೂ ರಸೀದಿ ಪಡೆದು, ಗುತ್ತಿಗೆಯ ಅವಧಿ ಮುಗಿಯುವವರೆಗೆ ಕಾಪಾಡಿಕೊಳ್ಳತಕ್ಕದ್ದು.